ಆದಿಪುರಾಣದ ಬಾಹುಬಲಿ: ಗೆದ್ದವನ ಅಂತರ್ಯುದ್ಧ

ಹಳಗನ್ನಡದ ಚಂಪೂಕವಿಗಳಲ್ಲಿ ಯುದ್ಧವನ್ನು ವರ್ಣಿಸದವರು ವಿರಳ. ಸೇನೆಗಳ ಸನ್ನಾಹ, ಭಟರ ಆರ್ಭಟ, ಆನೆ ಕುದುರೆಗಳ ತುಮುಲ ಇವೆಲ್ಲ ಮಹಾಕಾವ್ಯದ ವರ್ಣನಾ ಪರಿಪಾಠಕ್ಕೆ ಸೇರಿದವು. ಓದುಗನಿಗೆ ಬಹುಬೇಗ ಪರಿಚಿತವಾಗಿಬಿಡುವಂಥವು. ಆದರೆ ಕಾದುವವನ ಎದೆಯೊಳಗೆ ಕಾದಾಟವನ್ನು ಕುರಿತೇ ಏಳುವ ಸಂಶಯವನ್ನು, ಎದುರಾಳಿಯ ನೋವು ತನಗೂ ತಟ್ಟುವ ಗಳಿಗೆಯನ್ನು ಕಥೆಯ ತಿರುಳಾಗಿ ಮಾಡಿಕೊಂಡ ಸಂದರ್ಭಗಳು ಹೆಚ್ಚಿಲ್ಲ. ಅಂಥವುಗಳಲ್ಲಿ ಪಂಪನ ಆದಿಪುರಾಣದ ಭರತ-ಬಾಹುಬಲಿ ಪ್ರಸಂಗ ಮೊದಲನೆಯ ಸಾಲಿಗೆ ಸೇರತಕ್ಕದ್ದು. ಕ್ರಿ. ಶ. 941ರಲ್ಲಿ ಮುಗಿದ ಈ ಕಾವ್ಯದ ಈ ಭಾಗವನ್ನು ನಮ್ಮ ವಿದ್ಯಾರ್ಥಿಗಳು ಪಠ್ಯಭಾಗವಾಗಿ ಹಲವು ಸಲ ಓದಿರುತ್ತಾರೆ; ಅಧ್ಯಾಪಕರು ಅದಕ್ಕಿಂತ ಹೆಚ್ಚು ಸಲ ಪಾಠ ಹೇಳಿರುತ್ತಾರೆ. ಹಾಗಿದ್ದೂ ಅದರ ನಡುವಣ ಒಂದು ಪ್ರಶ್ನೆ ಇತ್ಯರ್ಥವಾಗಿಲ್ಲವೆಂದು ನಮಗೆ ತೋರುತ್ತದೆ. ಗೆದ್ದು ನಿಂತ ತರುಣನೊಬ್ಬನು ಗೆಲುವನ್ನು ಏಕೆ ಬಿಟ್ಟುಕೊಟ್ಟನು? ಬಿಟ್ಟುಕೊಟ್ಟ ಮೇಲೂ ಅವನಿಗೆ ಏಕೆ ನೆಮ್ಮದಿಯಾಗಲಿಲ್ಲ?

ಮೊದಲ ಪ್ರಶ್ನೆಗೆ ವಾಡಿಕೆಯ ಉತ್ತರವೊಂದುಂಟು. ಸೋತ ಭರತನು ರೋಷದಿಂದ ಚಕ್ರವನ್ನು ಪ್ರಯೋಗಿಸಿದನು. ಒಡಹುಟ್ಟಿದವನ ಈ ಅನ್ಯಾಯವನ್ನು ಕಂಡು ಬಾಹುಬಲಿಗೆ ಸಂಸಾರದಲ್ಲಿ ಜಿಹಾಸೆ ಹುಟ್ಟಿತು. ಆತನು ತಪಸ್ಸಿಗೆ ಹೊರಟನು. ಈ ಉತ್ತರ ತಪ್ಪಲ್ಲ, ಆದರೆ ಅಪೂರ್ಣ. ಇದನ್ನೇ ನೆಚ್ಚಿದರೆ ಬಾಹುಬಲಿಯ ತ್ಯಾಗಕ್ಕೆ ಭರತನ ದೋಷವೇ ಕಾರಣವಾಗಿ, ಬಾಹುಬಲಿಯ ಅಂತರಂಗದಲ್ಲಿ ನಡೆದದ್ದು ಮರೆಯಾಗುತ್ತದೆ. ತಿರುವು ಚಕ್ರಪ್ರಯೋಗಕ್ಕೂ ಮೊದಲೇ ಮೊದಲಾಗಿದೆ ಎಂದೂ, ಅದು ಎದುರಾಳಿಯ ಅವಮಾನವನ್ನು ತನ್ನದೆಂಬಂತೆ ಅರಿತುಕೊಂಡುದರಿಂದ ಆದದ್ದೆಂದೂ, ಅಂಥ ಅರಿವೂ ಸಹ ತಾನೇ ಸಂಪೂರ್ಣವಲ್ಲವೆಂಬುದನ್ನು ಕಥೆಯ ಉತ್ತರಭಾಗ ಸೂಚಿಸುತ್ತದೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಕಥೆಯ ಹಿನ್ನೆಲೆಯನ್ನು ಸಂಕ್ಷೇಪವಾಗಿ ನೆನೆಯಬಹುದು. ಆದಿದೇವನು ರಾಜ್ಯವನ್ನು ಮಕ್ಕಳಿಗೆ ಹಂಚಿಕೊಟ್ಟು ದೀಕ್ಷೆ ವಹಿಸಿದ್ದಾನೆ. ಹಿರಿಯನಾದ ಭರತನು ಷಟ್ಖಂಡಮಂಡಲವನ್ನು ಗೆದ್ದಿದ್ದಾನೆ. ವೃಷಭಾಚಲದಲ್ಲಿ ತನ್ನ ಪ್ರಶಸ್ತಿಯನ್ನು ಬರೆಯಿಸಹೋಗಿ, ಹಿಂದಿನ ಚಕ್ರವರ್ತಿಗಳ ಬರಹಗಳಿಂದ ಬಂಡೆಯೆಲ್ಲ ತುಂಬಿರುವುದನ್ನು ಕಂಡು ಒಮ್ಮೆ ಗರ್ವ ಇಳಿದವನಾಗಿದ್ದಾನೆ. ಆದರೂ ಅಯೋಧ್ಯೆಯ ಬಾಗಿಲಲ್ಲಿ ಚಕ್ರರತ್ನ ನಿಂತುಬಿಡುತ್ತದೆ. ಎರಗದವರು ಇನ್ನೂ ಉಳಿದಿರುವಾಗ ಅದು ಒಳಗೆ ಬಾರದು. ಉಳಿದವರು ಬೇರೆಯವರಲ್ಲ, ಒಡಹುಟ್ಟಿದವರೇ. ಲೋಕವನ್ನು ಗೆದ್ದುಬಂದವನಿಗೆ ತನ್ನ ಮನೆಯ ಬಾಗಿಲು ಹೊಗುವುದಕ್ಕೆ ತಮ್ಮಂದಿರ ತಲೆ ಬಾಗಬೇಕಾಯಿತೆಂಬ ಈ ಕಲ್ಪನೆಯಲ್ಲಿಯೇ ದಿಗ್ವಿಜಯದ ಮೇಲೆ ಒಂದು ಟೀಕೆ ಅಡಗಿದೆ. ಮಿಕ್ಕ ಸೋದರರು ತಂದೆಯ ಬಳಿಗೆ ಹೋಗಿ ದೀಕ್ಷೆಗೊಳ್ಳುತ್ತಾರೆ. ಪೌದನಪುರದ ಬಾಹುಬಲಿಯೊಬ್ಬನು ಮಾತ್ರ ಎದುರು ನಿಲ್ಲುತ್ತಾನೆ. ಇವನು ಪ್ರಥಮ ಕಾಮದೇವ. ರೂಪದಲ್ಲಿಯೂ ತೋಳ್ಬಲದಲ್ಲಿಯೂ ಎಣೆಯಿಲ್ಲದ ತರುಣ.

ಭರತನ ದೂತನಿಗೆ ಬಾಹುಬಲಿ ಕೊಡುವ ಉತ್ತರವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಹಿರಿಯಣ್ಣನಿಗೆ ಎರಗುವುದು ತನಗೆ ಪರಿಭವವಲ್ಲವೆಂದು ಅವನು ಸ್ಪಷ್ಟವಾಗಿ ಒಪ್ಪುತ್ತಾನೆ. ಆದರೆ ತಲೆಯ ಮೇಲೆ ಕತ್ತಿಯನ್ನು ಹಿಡಿದು ಎರಗಿಸುವೆನೆಂದರೆ ಆಗ ಎರಗುವುದು ಹೇಡಿತನವೆಂಬುದು ಅವನ ನಿಲುವು. ಬಾಗುವ ಕ್ರಿಯೆ ಒಂದೇ; ಒಲವಿನಿಂದ ಆದರೆ ಅದು ವಿನಯ, ಬಲಾತ್ಕಾರದಿಂದ ಆದರೆ ಅದು ಮಾನಹಾನಿ. ಹಿಂಸೆಯ ಸ್ವರೂಪವನ್ನು ಇಷ್ಟು ನಿಖರವಾಗಿ ಬಿಡಿಸಿ ಹೇಳಿದ ಮಾತು ಆ ಕಾಲದ ಕಾವ್ಯಗಳಲ್ಲಿ ಸುಲಭವಾಗಿ ದೊರೆಯುವುದಿಲ್ಲ. ರಕ್ತಪಾತವಾಗುವುದಕ್ಕೆ ಮೊದಲೇ, ಒಬ್ಬನ ಇಚ್ಛೆಯನ್ನು ಇನ್ನೊಬ್ಬನು ಮುರಿಯಹೊರಟಾಗಲೇ ಹಿಂಸೆ ಹುಟ್ಟಿಕೊಂಡಿತೆಂದು ಬಾಹುಬಲಿ ತಿಳಿದಿದ್ದಾನೆ. ಆದರೆ ಈ ತಿಳಿವಳಿಕೆ ಸದ್ಯಕ್ಕೆ ಏಕಮುಖವಾದುದು: ತನ್ನ ತಲೆಯ ಮೇಲಿನ ಕತ್ತಿ ಅವನಿಗೆ ಕಾಣುತ್ತದೆ, ತನ್ನ ಕೈಯೂ ಒಂದು ಕತ್ತಿಯಾಗಬಹುದೆಂಬುದು ಇನ್ನೂ ಕಂಡಿಲ್ಲ.

ಎರಡು ಸೇನೆಗಳೂ ಎದುರುಬದುರಾಗಿ ನಿಂತಾಗ ಮಂತ್ರಿಗಳು ನಡುವೆ ಬರುತ್ತಾರೆ. ಅಣ್ಣತಮ್ಮಂದಿರಿಬ್ಬರೂ ಚರಮದೇಹಿಗಳು, ಅದೇ ಜನ್ಮದಲ್ಲಿ ಮುಕ್ತಿ ಪಡೆಯತಕ್ಕವರು. ಯುದ್ಧದಿಂದ ಅವರಿಗೆ ಸಾವಿಲ್ಲ. ಸಾಯುವವರು ಇವರ ಹೆಸರಿನಲ್ಲಿ ಕಾದುವ ಸಾಮಾನ್ಯ ಭಟರು. ಆದಕಾರಣ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂಬ ಮೂರು ಧರ್ಮಯುದ್ಧಗಳಲ್ಲಿ ಜಯಾಪಜಯ ನಿರ್ಣಯವಾಗಲೆಂದು ಏರ್ಪಾಡಾಗುತ್ತದೆ. ಈ ಏರ್ಪಾಡನ್ನು ಕೇವಲ ಪೌರಾಣಿಕ ಚಮತ್ಕಾರವೆಂದು ಬಿಟ್ಟುಬಿಡುವಂತಿಲ್ಲ. ಸಹಸ್ರಾರು ಜನರ ಪ್ರಾಣವನ್ನು ಉಳಿಸುವ ವಿವೇಕ ಇದರಲ್ಲಿದೆ. ಜೊತೆಗೆ, ಹೋರಾಟಕ್ಕೆ ಕಾರಣರಾದವರೇ ಮೈಯೊಡ್ಡಿ ಹೋರಾಡಲೆಂಬ ನ್ಯಾಯವೂ ಇದೆ.

ಆದರೆ ರಕ್ತವಿಲ್ಲದ ಯುದ್ಧ ಹಿಂಸೆಯಿಲ್ಲದ ಯುದ್ಧವಾಯಿತೆ? ಜೈನಶಾಸ್ತ್ರದ ದೃಷ್ಟಿಯಿಂದ ಈ ಪ್ರಶ್ನೆಗೆ ಅವಕಾಶವಿದೆ. ತತ್ತ್ವಾರ್ಥಸೂತ್ರವು ಹಿಂಸೆಯನ್ನು ಲಕ್ಷಣಿಸುವಾಗ ಪ್ರಾಣಹರಣವನ್ನಷ್ಟೇ ಹೇಳದೆ, ಅದರ ಹಿಂದಿರುವ ಪ್ರಮಾದವನ್ನೂ ಸೇರಿಸಿ ಹೇಳುತ್ತದೆ. ದ್ರವ್ಯಹಿಂಸೆ, ಭಾವಹಿಂಸೆ ಎಂಬ ವಿಭಾಗ ಇದರಿಂದಲೇ ಬೆಳೆದದ್ದು. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳು ಎಚ್ಚತ್ತಿರುವಾಗ ಕತ್ತಿ ಒರೆಯಲ್ಲಿದ್ದರೂ ಆತ್ಮಕ್ಕೆ ಹಿಂಸೆಯ ಲೇಪ ತಪ್ಪದು. ಮಂತ್ರಿಗಳು ದ್ರವ್ಯಹಿಂಸೆಯನ್ನು ತಡೆಯಬಲ್ಲವರಾದರು. ಭಾವಹಿಂಸೆಯನ್ನು ತಡೆಯುವ ಕೆಲಸ ಅವರಿಗೆ ಸೇರಿದುದಲ್ಲ. ಅದು ಕಣದೊಳಗೆ ಇಳಿದವನೇ ಮಾಡಬೇಕಾದ ಕೆಲಸ. ಹೀಗೆ ಸೇನೆಗಳನ್ನು ಬದಿಗೆ ಸರಿಸಿ, ಕಥೆಯು ಯುದ್ಧವನ್ನು ಎರಡು ದೇಹಗಳಿಗೂ ಕೊನೆಗೆ ಒಂದು ಮನಸ್ಸಿಗೂ ಸಂಕೋಚಗೊಳಿಸುತ್ತದೆ.

ದೃಷ್ಟಿಯುದ್ಧದಲ್ಲಿಯೂ ಜಲಯುದ್ಧದಲ್ಲಿಯೂ ಉನ್ನತದೇಹಿಯಾದ ಬಾಹುಬಲಿಗೆ ಜಯವಾಗುತ್ತದೆ. ಈ ಎರಡರಲ್ಲಿಯೂ ಎದುರಾಳಿಯನ್ನು ಮುಟ್ಟುವ ಪ್ರಸಂಗವಿಲ್ಲ. ಮೂರನೆಯದಾದ ಮಲ್ಲಯುದ್ಧದಲ್ಲಿ ಮೈಗೆ ಮೈ ತಾಗುತ್ತದೆ. ಬಾಹುಬಲಿ ಅಣ್ಣನನ್ನು ಎರಡು ತೋಳುಗಳಿಂದ ಮೇಲಕ್ಕೆತ್ತುತ್ತಾನೆ. ಇನ್ನು ನೆಲಕ್ಕೆ ಅಪ್ಪಳಿಸುವುದೊಂದೇ ಉಳಿದಿರುವ ಕಾರ್ಯ. ಆಗ ಅವನ ಮನಸ್ಸಿನಲ್ಲಿ ಆಲೋಚನೆ ಹುಟ್ಟುತ್ತದೆ: ಈತನು ಗುರುಸಮಾನನಾದ ಹಿರಿಯ, ಚಕ್ರೇಶ್ವರ, ಈತನ ಮಹಿಮೆಗೆ ನೆಲದ ಮೇಲೆ ಭಂಗ ತರುವುದೆ? ಹೀಗೆ ನೆನೆದು ಮೆಲ್ಲನೆ ಇಳಿಸುತ್ತಾನೆ. ಈ ಇಳಿಸುವಿಕೆಯೇ ನಮ್ಮ ಅಭಿಪ್ರಾಯದಲ್ಲಿ ಪ್ರಸಂಗದ ನಡುಗಂಬ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಬಾಹುಬಲಿ ಇಳಿಸಿದ್ದು ಹಿರಿಯನೆಂಬ ಗೌರವದಿಂದ; ಅದು ಕುಲಾಚಾರವೇ ಹೊರತು ಶತ್ರುವಿನ ವಿಷಯದ ಅನುಕಂಪವಲ್ಲ ಎಂದು ಹೇಳಬಹುದು. ಆಕ್ಷೇಪಣೆ ವಿಚಾರಾರ್ಹವಾದುದೇ. ಆದರೆ ಭರತನು ಹಿರಿಯನೆಂಬುದು ಬಾಹುಬಲಿಗೆ ಹೊಸದಾಗಿ ತಿಳಿದುಬಂದ ಸಂಗತಿಯಲ್ಲ. ದೂತನೊಡನೆ ಮಾತನಾಡುವಾಗ ತಿಳಿದಿತ್ತು, ಕಣಕ್ಕೆ ಇಳಿಯುವಾಗ ತಿಳಿದಿತ್ತು, ಎತ್ತುವಾಗಲೂ ತಿಳಿದಿತ್ತು. ಆ ತಿಳಿವಳಿಕೆ ಅವನನ್ನು ಯುದ್ಧದಿಂದ ತಡೆಯಲಿಲ್ಲ. ಈಗ ತಡೆಯಿತೆಂದರೆ, ನಡುವೆ ಹೊಸದೇನೋ ಸೇರಿರಬೇಕು. ಅದು ಯಾವುದೆಂಬುದಕ್ಕೆ ದೂತಪ್ರಸಂಗದಲ್ಲಿಯೇ ಸೂಚನೆಯಿದೆ. ಬಲಾತ್ಕಾರದಿಂದ ತನ್ನ ತಲೆಯನ್ನು ಬಾಗಿಸುವುದನ್ನು ಅವನು ನಿರಾಕರಿಸಿದ್ದನು. ಈಗ ಅವನ ತೋಳುಗಳಲ್ಲಿ ಇನ್ನೊಬ್ಬನ ತಲೆಯಿದೆ; ಅದನ್ನು ಬಲದಿಂದ ನೆಲಕ್ಕೆ ತಾಗಿಸುವುದು ಅವನ ಕೈಯಲ್ಲಿಯೇ ಇದೆ. ತಾನು ಒಲ್ಲೆನೆಂದ ಪರಿಭವವನ್ನು ತಾನೇ ಮಾಡಹೊರಟಿದ್ದೇನೆಂಬ ಅರಿವು ಆ ಗಳಿಗೆಯಲ್ಲಿ ಮೂಡುತ್ತದೆ. ದೂತನಿಗೆ ಹೇಳಿದ ನ್ಯಾಯ ಇಲ್ಲಿ ತಿರುಗಿ ಹೇಳಿದವನನ್ನೇ ಕೇಳುತ್ತದೆ. ಅನುಕಂಪವೆಂಬುದು ಕಣ್ಣೀರಿನ ಹೆಸರಲ್ಲ; ತನಗೆ ಸಲ್ಲದ್ದು ಎದುರಿನವನಿಗೂ ಸಲ್ಲದೆಂದು ಕಾಣುವ ದೃಷ್ಟಿಯ ಹೆಸರು. ಈ ಅರ್ಥದಲ್ಲಿ ಬಾಹುಬಲಿಯ ಗೌರವ ಅನುಕಂಪದಿಂದ ಬೇರೆಯಾದುದಲ್ಲ, ಅದರ ವಾಚ್ಯರೂಪ ಮಾತ್ರ.

ಇದನ್ನು ಭಾರತದ ಅರ್ಜುನನ ವಿಷಾದದೊಡನೆ ಹೋಲಿಸಿದರೆ ಪಂಪನ ಸಂದರ್ಭದ ವೈಶಿಷ್ಟ್ಯ ಇನ್ನೂ ತಿಳಿಯಾಗುತ್ತದೆ. ಅರ್ಜುನನಿಗೆ ಸಂದೇಹ ಬರುವುದು ಯುದ್ಧಾರಂಭಕ್ಕೆ ಮುನ್ನ. ಆ ಹೊತ್ತಿನ ಕರುಣೆಯಲ್ಲಿ ಭಯದ ಅಂಶವಿದ್ದರೂ ಇರಬಹುದೆಂಬ ಶಂಕೆಗೆ ಎಡೆಯಿದೆ. ಗೀತೆಯಲ್ಲಿ ಕೃಷ್ಣನು ಅದನ್ನು ಕ್ಲೈಬ್ಯವೆಂದೇ ಕರೆದು ಜರೆಯುತ್ತಾನೆ. ಬಾಹುಬಲಿಗೆ ಅರಿವು ಬರುವುದು ಗೆಲುವು ಕೈಸೇರಿದ ಮೇಲೆ. ಅವನ ಕರುಣೆಯನ್ನು ಹೇಡಿತನವೆನ್ನಲು ಯಾರಿಗೂ ಸಾಧ್ಯವಿಲ್ಲ. ವಿಕ್ರಮಾರ್ಜುನ ವಿಜಯದಲ್ಲಿ ಇದೇ ಪಂಪನು ಗೀತೋಪದೇಶದ ಸಂದರ್ಭವನ್ನು ಬಹು ಸಂಕ್ಷೇಪವಾಗಿ ಮುಗಿಸಿರುವುದು ಪ್ರಸಿದ್ಧವಾಗಿದೆ. ಅಲ್ಲಿ ಅರ್ಜುನನಲ್ಲಿ ಅರಿಕೇಸರಿಯನ್ನು ಕಂಡ ಕವಿಗೆ, ಕಾದಲು ಹಿಂಜರಿವ ನಾಯಕನನ್ನು ಹೆಚ್ಚು ಹೊತ್ತು ನಿಲ್ಲಿಸುವುದು ಉಚಿತವೆನಿಸಿರಲಾರದು. ಲೌಕಿಕವನ್ನು ಅಲ್ಲಿಯೂ ಜಿನಾಗಮವನ್ನು ಇಲ್ಲಿಯೂ ಬೆಳಗುವೆನೆಂಬ ತನ್ನ ಸಂಕಲ್ಪಕ್ಕೆ ತಕ್ಕಂತೆ, ಅಲ್ಲಿ ತಡೆಹಿಡಿದ ಪ್ರಶ್ನೆಯನ್ನು ಆತನು ಇಲ್ಲಿ ಪೂರ್ತಿಯಾಗಿ ಎತ್ತಿಕೊಂಡಿದ್ದಾನೆ. ಪಂಪನು ಕವಿಯೂ ಹೌದು, ಕಲಿಯೂ ಹೌದು. ಕತ್ತಿಯ ಬದುಕನ್ನು ಬಲ್ಲವನು ಈ ಪ್ರಶ್ನೆಯನ್ನು ಎತ್ತಿದನೆಂಬುದರಲ್ಲಿ ಅದಕ್ಕೊಂದು ತೂಕ ಬಂದಿದೆ.

ಬಾಹುಬಲಿ ಇಳಿಸಿದ ಬಳಿಕ ಭರತನು ಕೋಪದಿಂದ ಚಕ್ರರತ್ನವನ್ನು ಪ್ರಯೋಗಿಸುತ್ತಾನೆ. ಅದು ಬಾಹುಬಲಿಯನ್ನು ಬಲವಂದು ನಿಲ್ಲುತ್ತದೆ. ಭರತನ ಈ ಕೃತ್ಯವನ್ನು ನೀಚತನವೆಂದು ಖಂಡಿಸಿ ಮುಂದೆ ಸಾಗುವುದು ಸುಲಭ. ಆದರೆ ಬಾಹುಬಲಿ ಹಾಗೆ ಖಂಡಿಸದಿರುವುದನ್ನು ವಿಮರ್ಶಕನು ನೋಡಬೇಕು. ಅವನ ನಿಂದೆಯೆಲ್ಲ ರಾಜ್ಯಲಕ್ಷ್ಮಿಯ ಮೇಲೆ. ಅಣ್ಣತಮ್ಮಂದಿರನ್ನು ಕಾದಿಸುವವಳು, ತಂದೆಮಕ್ಕಳಲ್ಲಿ ಮುನಿಸನ್ನು ಹುಟ್ಟಿಸುವವಳು ಅವಳೆಂದು ಆತನು ಕಾಣುತ್ತಾನೆ. ದೋಷವನ್ನು ವ್ಯಕ್ತಿಯಿಂದ ಎತ್ತಿ, ಆ ವ್ಯಕ್ತಿಯನ್ನು ಹಿಡಿದಾಡಿಸಿದ ಶಕ್ತಿಯ ಮೇಲೆ ಇರಿಸುವುದು ಶತ್ರುವನ್ನು ಒಳಗಿನಿಂದ ತಿಳಿದುಕೊಂಡವನಿಗಲ್ಲದೆ ಆಗದು. ತನ್ನನ್ನೂ ಅದೇ ಶಕ್ತಿ ಆಡಿಸಿತ್ತು. ಎತ್ತಿದ ತೋಳುಗಳಲ್ಲಿ ಕ್ಷಣಕಾಲವಾದರೂ ಅದೇ ಇತ್ತು. ಆದುದರಿಂದಲೇ ರಾಜ್ಯವನ್ನು ಅಣ್ಣನಿಗೆ ಒಪ್ಪಿಸುವ ಅವನ ಮಾತಿನಲ್ಲಿ ವಿನಯವಿದೆ, ತನ್ನ ನಡತೆಯ ವಿಷಯದಲ್ಲಿ ನಾಚಿಕೆಯಿದೆ.

ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಯುದ್ಧವೀರವು ದಯಾವೀರವಾಗಿ, ದಯಾವೀರವು ಶಾಂತಕ್ಕೆ ದಾರಿಮಾಡಿಕೊಡುವ ಕ್ರಮ ಇಲ್ಲಿ ಕಾಣುತ್ತದೆ. ವಿಶ್ವನಾಥನು ವೀರರಸದ ಪ್ರಭೇದಗಳಲ್ಲಿ ದಯಾವೀರವನ್ನು ಎಣಿಸಿದ್ದಾನೆ. ಮಮ್ಮಟನು ಶಾಂತಕ್ಕೆ ನಿರ್ವೇದವನ್ನು ಸ್ಥಾಯಿಯಾಗಿ ಹೇಳಿದ್ದಾನೆ. ವಾಡಿಕೆಯ ವ್ಯಾಖ್ಯಾನ ವೀರದಿಂದ ನೇರವಾಗಿ ನಿರ್ವೇದಕ್ಕೆ ಹಾರುತ್ತದೆ. ನಡುವಣ ದಯೆಯ ಮೆಟ್ಟಿಲನ್ನು ಬಿಟ್ಟುಬಿಡುತ್ತದೆ. ಈ ಮೆಟ್ಟಿಲಿಲ್ಲದೆ ನೋಡಿದರೆ ಬಾಹುಬಲಿಯ ವೈರಾಗ್ಯ ಮನಸ್ತಾಪದಿಂದ ಹುಟ್ಟಿದ್ದೆನ್ನಿಸಬಹುದು. ಅದರೊಡನೆ ನೋಡಿದರೆ ಅದು ಅರಿವಿನಿಂದ ಹುಟ್ಟಿದುದೆಂದು ತಿಳಿಯುತ್ತದೆ.

ಇಲ್ಲಿಗೆ ಕಥೆ ಮುಗಿದಿದ್ದರೆ ನಮಗೊಂದು ಸುಂದರವಾದ ನೀತಿಕಥೆ ದೊರೆಯುತ್ತಿತ್ತು: ಬಲಶಾಲಿ ಗೆದ್ದನು, ಕನಿಕರಪಟ್ಟನು, ತ್ಯಜಿಸಿದನು. ಆದರೆ ಪರಂಪರೆ ಇಲ್ಲಿಗೆ ನಿಲ್ಲಿಸಲು ಒಪ್ಪಲಿಲ್ಲ. ಬಾಹುಬಲಿ ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತನು. ಬಳ್ಳಿಗಳು ಮೈಗೆ ಹಬ್ಬಿದವು. ಕಾಲ ಬಳಿ ಹುತ್ತಗಳು ಬೆಳೆದವು. ಆದರೂ ಕೇವಲಜ್ಞಾನ ಆಗಲಿಲ್ಲ. ಏಕೆಂಬುದಕ್ಕೆ ಜೈನಪರಂಪರೆಯಲ್ಲಿ ಒಂದಕ್ಕಿಂತ ಹೆಚ್ಚು ಉತ್ತರಗಳಿವೆ. ಅವುಗಳನ್ನು ಒಟ್ಟಿಗೆ ಇರಿಸಿ ನೋಡುವುದು ಪ್ರಯೋಜನಕರ.

ಪಂಪನಿಗೆ ಆಕರವಾದ ಸಂಸ್ಕೃತ ಪೂರ್ವಪುರಾಣದಲ್ಲಿ, 9ನೆಯ ಶತಮಾನದ ಜಿನಸೇನಾಚಾರ್ಯನು ಕೊಡುವ ಕಾರಣ ಅತ್ಯಂತ ಸೂಕ್ಷ್ಮವಾದುದು. ಭರತೇಶ್ವರನು ತನ್ನಿಂದಾಗಿ ಕ್ಲೇಶಪಟ್ಟನೆಂಬ ನೆನಪು ಬಾಹುಬಲಿಯ ಹೃದಯದಲ್ಲಿ ಸ್ನೇಹರೂಪವಾಗಿ ಉಳಿದಿತ್ತು. ಆದಕಾರಣ ಕೇವಲಜ್ಞಾನವು ಭರತನ ಪೂಜೆಯನ್ನು ಎದುರುನೋಡುತ್ತಿತ್ತು. 12ನೆಯ ಶತಮಾನದ ಶ್ವೇತಾಂಬರ ಆಚಾರ್ಯ ಹೇಮಚಂದ್ರನ ಕಥೆಯಲ್ಲಿ ಕಾರಣ ಬೇರೆ. ಅಲ್ಲಿ ಬಾಹುಬಲಿ ಭರತನನ್ನು ಹೊಡೆಯಲೆಂದು ಮುಷ್ಟಿಯನ್ನೆತ್ತಿ, ನಡುವೆಯೇ ಪಶ್ಚಾತ್ತಾಪಗೊಂಡು, ಅದೇ ಮುಷ್ಟಿಯಿಂದ ತನ್ನ ತಲೆಗೂದಲನ್ನು ಕಿತ್ತು ದೀಕ್ಷೆಗೊಳ್ಳುತ್ತಾನೆ. ಆದರೆ ತನಗಿಂತ ಮೊದಲೇ ದೀಕ್ಷೆಗೊಂಡ ತಮ್ಮಂದಿರಿಗೆ ವಂದಿಸಬೇಕಾದೀತೆಂಬ ಅಭಿಮಾನ ಅವನನ್ನು ತಡೆಯುತ್ತದೆ. ಬ್ರಾಹ್ಮೀ ಸುಂದರಿಯರು ಬಂದು, ಆನೆಯಿಂದ ಇಳಿಯೆಂದು ಎಚ್ಚರಿಸುತ್ತಾರೆ. ನಮ್ಮ ನಾಡಿನಲ್ಲಿ ಬಳಕೆಯಲ್ಲಿರುವ ಕಥೆಯಲ್ಲಿ, ತಾನು ನಿಂತ ನೆಲ ಭರತನದೆಂಬ ಶಲ್ಯ ಅವನ ಮನಸ್ಸಿನಲ್ಲಿ ಉಳಿದಿತ್ತೆಂಬ ಮಾತು ಪ್ರಸಿದ್ಧ.

ಕಾರಣಗಳು ಮೂರು ಬಗೆಯಾದರೂ ಅವು ಸೂಚಿಸುವ ತತ್ತ್ವ ಒಂದೇ. ಗೆದ್ದವನು ತೋರುವ ಕರುಣೆಯಲ್ಲಿ ಗೆದ್ದವನೆಂಬ ಪ್ರಜ್ಞೆ ಸುಲಭವಾಗಿ ಅಳಿಯುವುದಿಲ್ಲ. ‘ನಾನು ಉಳಿಸಿದೆ, ನಾನು ಬಿಟ್ಟುಕೊಟ್ಟೆ, ನನ್ನಿಂದ ಅವನು ನೊಂದ’ ಎಂಬ ಮೂರೂ ವಾಕ್ಯಗಳ ಕೇಂದ್ರ ‘ನಾನು’ ಎಂಬುದೇ. ಕೊನೆಯ ವಾಕ್ಯ ಎಷ್ಟು ಮೃದುವಾಗಿದ್ದರೂ ಅದರಲ್ಲಿಯೂ ಆ ಉತ್ತಮಪುರುಷಾಭಿಮಾನ ಒಂದಿಷ್ಟು ಉಳಿದಿದೆ. ಜಿನಸೇನನು ಕರುಣೆಯ ಶೇಷವನ್ನೇ ತೊಡಕಾಗಿ ಕಂಡುದು ಅವನ ಮನಶ್ಶಾಸ್ತ್ರಜ್ಞಾನಕ್ಕೆ ಸಾಕ್ಷಿ. ಈ ತೊಡಕನ್ನು ಬಾಹುಬಲಿ ತಾನೊಬ್ಬನೇ ನಿಂತು ಬಿಡಿಸಿಕೊಳ್ಳಲಾರನು. ಒಂದು ವರ್ಷದ ಘೋರತಪಸ್ಸಿನಿಂದ ಆಗದುದು ಭರತನು ಬಂದು ಎರಗಿದೊಡನೆ ಆಗುತ್ತದೆ. ಗಾಯಗೊಂಡವನೇ ಬಂದು, ಗಾಯ ಮಾಯಿತೆಂದು ತನ್ನ ನಡತೆಯಿಂದ ತಿಳಿಸಬೇಕು. ಅಲ್ಲಿಯವರೆಗೆ ಕ್ಷಮೆಯೂ ಒಂದು ಬಗೆಯ ಮೇಲುಗೈಯೇ ಆಗಿ ಉಳಿಯುತ್ತದೆ. ಮೊದಲು ಚಕ್ರ ಬಾಗಿಲಲ್ಲಿ ನಿಂತದ್ದು ತಮ್ಮನು ಎರಗಲಿಲ್ಲವೆಂದು. ಈಗ ಜ್ಞಾನ ಬಾಗಿಲಲ್ಲಿ ನಿಂತದ್ದು ಅಣ್ಣನು ಬರಲಿಲ್ಲವೆಂದು. ಮೊದಲ ಸಂದರ್ಭದಲ್ಲಿ ಬೇಡಿದ್ದು ಬಲಾತ್ಕಾರದ ನಮಸ್ಕಾರ. ಎರಡನೆಯದರಲ್ಲಿ ದೊರೆತದ್ದು ಒಲವಿನ ನಮಸ್ಕಾರ. ದೂತನ ಮುಂದೆ ಬಾಹುಬಲಿ ಮಾಡಿದ ವಿಭಾಗ ಇಲ್ಲಿ ಸಾರ್ಥಕವಾಗುತ್ತದೆ.

16ನೆಯ ಶತಮಾನದ ರತ್ನಾಕರವರ್ಣಿ ತನ್ನ ಭರತೇಶ ವೈಭವದಲ್ಲಿ ಈ ಕಥೆಯನ್ನು ಬೇರೊಂದು ಹಾದಿಯಲ್ಲಿ ಕೊಂಡೊಯ್ದಿದ್ದಾನೆ. ಅಲ್ಲಿ ಅಣ್ಣತಮ್ಮಂದಿರು ಕಾದುವುದಿಲ್ಲ. ಭರತನು ಸವಿನುಡಿಗಳಿಂದಲೇ ತಮ್ಮನ ಮನಸ್ಸನ್ನು ಕರಗಿಸುತ್ತಾನೆ. ಯೋಗಿಯೂ ಭೋಗಿಯೂ ಆದ ಭರತನನ್ನು ಆದರ್ಶನಾಯಕನನ್ನಾಗಿ ಮಾಡಿಕೊಂಡ ಕವಿಗೆ ಈ ಮಾರ್ಪಾಟು ಅಗತ್ಯವಾಗಿತ್ತು. ಅದರ ಮಾಧುರ್ಯವನ್ನು ಮೆಚ್ಚದವರಿಲ್ಲ. ಆದರೆ ಎತ್ತಿದ ತೋಳುಗಳ ಗಳಿಗೆ ಅಲ್ಲಿ ಇಲ್ಲವಾಗುತ್ತದೆ. ಹಿಂಸೆಯ ಅಂಚಿಗೆ ಬಂದು ಹಿಂದಿರುಗಿದವನ ಅನುಭವವನ್ನು ಪಂಪನಲ್ಲಿ ಮಾತ್ರ ಕಾಣಬಹುದು. ಹಿಂಸೆಯೇ ಒದಗದ ಸೌಹಾರ್ದವನ್ನು ರತ್ನಾಕರನಲ್ಲಿ ಕಾಣಬಹುದು. ಎರಡನೆಯದು ಹೆಚ್ಚು ಸುಖಕರ. ಮೊದಲನೆಯದು ಮನುಷ್ಯನ ಸ್ಥಿತಿಗೆ ಹೆಚ್ಚು ಹತ್ತಿರ ಎಂದು ನಾವು ಭಾವಿಸುತ್ತೇವೆ.

ಪಂಪನ ಕಾವ್ಯ ಮುಗಿದ ಸುಮಾರು 40 ವರ್ಷಗಳ ಮೇಲೆ, ಕ್ರಿ. ಶ. 981ರ ಸುಮಾರಿನಲ್ಲಿ, ಶ್ರವಣಬೆಳಗೊಳದ ಬೆಟ್ಟದ ಮೇಲೆ ಬಾಹುಬಲಿಯ ಮಹಾಮೂರ್ತಿ ನಿಂತಿತು. ಅದನ್ನು ಮಾಡಿಸಿದವನು ಸಂನ್ಯಾಸಿಯಲ್ಲ. ಗಂಗರ ಸೇನಾನಿಯೂ ಮಂತ್ರಿಯೂ ಆದ ಚಾವುಂಡರಾಯ. ಸಮರಪರಶುರಾಮ, ವೀರಮಾರ್ತಂಡ ಮೊದಲಾದ ಅವನ ಬಿರುದುಗಳು ರಣರಂಗದಲ್ಲಿ ಗಳಿಸಿದವು. ಹಲವು ಯುದ್ಧಗಳನ್ನು ಗೆದ್ದವನು, ಗೆಲುವನ್ನು ಕೈಬಿಟ್ಟವನ ಮೂರ್ತಿಯನ್ನು ಸುಮಾರು 58 ಅಡಿ ಎತ್ತರಕ್ಕೆ ಕಡೆಯಿಸಿದನು. ಶಿಲ್ಪಿಯು ಆರಿಸಿಕೊಂಡದ್ದು ಎತ್ತಿದ ತೋಳುಗಳ ಬಾಹುಬಲಿಯನ್ನಲ್ಲ, ತೋಳುಗಳನ್ನು ಕೆಳಗೆ ಬಿಟ್ಟು ನಿಂತವನನ್ನು. ತೊಡೆ ತೋಳುಗಳಿಗೆ ಹಬ್ಬಿದ ಬಳ್ಳಿ, ಕಾಲ ಬಳಿಯ ಹುತ್ತ ಮತ್ತು ಹಾವುಗಳು ಆ ಕಾಯುವಿಕೆಯ ವರ್ಷವನ್ನು ಸೂಚಿಸುತ್ತವೆ. ಯೋಧರಿಗೆ ಈ ಕಥೆ ಅಪರಿಚಿತವಾದುದಾಗಿರಲಿಲ್ಲ, ಅಪ್ರಿಯವಾದುದೂ ಆಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಮೇಲಿನ ವಿವೇಚನೆಯಿಂದ ನಾವು ಮುಟ್ಟುವ ನಿರ್ಣಯವನ್ನು ಹೀಗೆ ಸಂಗ್ರಹಿಸಬಹುದು. ಬಾಹುಬಲಿಯ ತ್ಯಾಗದ ಬೀಜ ಭರತನ ಅನ್ಯಾಯದಲ್ಲಿಲ್ಲ. ತಾನು ಸಹಿಸದ ಬಲಾತ್ಕಾರವನ್ನು ತಾನೇ ಮಾಡಲಿದ್ದೆನೆಂಬ ಅರಿವಿನಲ್ಲಿದೆ. ಆ ಅರಿವಿನಿಂದ ಹುಟ್ಟಿದ ಕರುಣೆ ನಿಜವಾದುದು, ಆದರೆ ಒಂಟಿಯಾದುದು. ಎದುರಾಳಿಯು ಸ್ವತಂತ್ರವಾಗಿ ನಡೆದುಬಂದು ಅದನ್ನು ಸ್ವೀಕರಿಸಿದಾಗಲೇ ಅದಕ್ಕೆ ಪೂರ್ಣತೆ. ಶತ್ರುವನ್ನು ಕೊಲ್ಲದೆ ಬಿಡುವುದು ಹೋರಾಟದ ಅರ್ಧದಾರಿ ಮಾತ್ರ. ಬಿಟ್ಟೆನೆಂಬುದನ್ನೂ ಬಿಡುವುದು ಉಳಿದರ್ಧ. ಈ ಪ್ರಸಂಗವನ್ನು ಪಾಠ ಹೇಳುವಾಗ ಚಕ್ರದ ವೃತ್ತಾಂತಕ್ಕೆ ಕೊಡುವಷ್ಟು ಗಮನವನ್ನು, ಅದಕ್ಕೆ ಮೊದಲಿನ ಆ ಮೆಲ್ಲನೆಯ ಇಳಿಸುವಿಕೆಗೂ, ಅನಂತರದ ಆ ದೀರ್ಘವಾದ ಕಾಯುವಿಕೆಗೂ ಕೊಟ್ಟಲ್ಲಿ ಪಂಪನ ಹೃದಯ ವಿದ್ಯಾರ್ಥಿಗಳಿಗೆ ಇನ್ನಷ್ಟು ಸಮೀಪವಾದೀತು.